ಗುಬ್ಬಿಯಲ್ಲ, ಇದು ನೆಲಗುಬ್ಬಿ

ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುವ ದಿನಗಳಲ್ಲಿ ಉತ್ತರ ಬೆಂಗಳೂರೆಲ್ಲ ಕತ್ತೆತ್ತಿ ನಿಲ್ಲುತ್ತದೆ. ಜಕ್ಕೂರಿನ ಮನೆಗಳ ತಾರಸಿ ತುಂಬಿಹೋಗುತ್ತದೆ. ಬಳ್ಳಾರಿ ರಸ್ತೆಯಲ್ಲಿ ಸ್ಕೂಟರ್ ಪಕ್ಕಕ್ಕೆ ಹಾಕಿ ನಿಂತವರನ್ನು ಚದುರಿಸುವುದೇ ಪೊಲೀಸರಿಗೊಂದು ಕೆಲಸ. ವಿಮಾನ ನೆಟ್ಟಗೆ ಮೇಲೇರಿ, ಮೂತಿ ಕೆಳಗೆ ಮಾಡಿ ಧುಮುಕಿ, ಇನ್ನೇನು ನೆಲಕ್ಕೆ ಅಪ್ಪಳಿಸಿತು ಎನ್ನುವಷ್ಟರಲ್ಲಿ ಮತ್ತೆ ಮೇಲೆದ್ದರೆ ಎಲ್ಲರೂ ಉಸಿರು ಬಿಡುತ್ತಾರೆ. 1996ರಿಂದ ನಡೆದುಬಂದ ಜಾತ್ರೆಯಿದು.

ಇದೇ ಕಸರತ್ತನ್ನು, ಇದೇ ಯಲಹಂಕದ ಆಚೆಗಿನ ಬಯಲುಗಳಲ್ಲಿ, ಟಿಕೆಟು ಪಾಸುಗಳ ಗೊಡವೆಯಿಲ್ಲದೆ ದಿನವೂ ಮಾಡಿ ತೋರಿಸುವ ಹಕ್ಕಿಯೊಂದಿದೆ. ಗಾತ್ರದಲ್ಲಿ ಗುಬ್ಬಿಗಿಂತ ತುಸು ಚಿಕ್ಕದು; ಕೊಕ್ಕಿನಿಂದ ಬಾಲದ ತುದಿಗೆ ಹದಿಮೂರು ಸೆಂಟಿಮೀಟರಿಗಿಂತ ಹೆಚ್ಚಿರದು. ನೆಲದಿಂದ ಚಿಮ್ಮಿದಂತೆ ಮೇಲೇರಿ, ಸುಮಾರು ಮೂವತ್ತು ಮೀಟರ್ ಎತ್ತರದಲ್ಲಿ ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು, ಸಿಳ್ಳೆ ಹಾಕುತ್ತಾ ಕಲ್ಲಿನಂತೆ ಬೀಳುತ್ತದೆ. ಇದರ ಹೆಸರು ನೆಲಗುಬ್ಬಿ. ಇಂಗ್ಲಿಷಿನವರು ಇದನ್ನು ಹಿಂದೆ ಫಿಂಚ್‌ಲಾರ್ಕ್ ಎನ್ನುತ್ತಿದ್ದರು. ಈಗಿನ ಪುಸ್ತಕಗಳಲ್ಲಿ ಆಶಿ-ಕ್ರೌನ್ಡ್ ಸ್ಪ್ಯಾರೋ-ಲಾರ್ಕ್ ಎಂದಿರುತ್ತದೆ. ಅಂದರೆ ಬೂದಿಬಣ್ಣದ ನೆತ್ತಿಯ, ಗುಬ್ಬಿಯಂಥ ಲಾರ್ಕ್.

ನಮ್ಮಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಲಾರ್ಕ್ ಎಂದಕೂಡಲೇ ಶೆಲ್ಲಿಯ ನೆನಪಾಗುತ್ತದೆ. 1820ರಲ್ಲಿ ಆತ ಬರೆದ ಸ್ಕೈಲಾರ್ಕ್ ಪದ್ಯವನ್ನು ಪರೀಕ್ಷೆಗೆಂದು ಉರುಹೊಡೆದವರಿಗೆ ಲೆಕ್ಕವಿಲ್ಲ. ಆ ಹಕ್ಕಿಯ ಸೋದರ ಸಂಬಂಧಿಗಳು ನಾಲ್ಕೈದು ಬಗೆಯವು ಹೆಸರಘಟ್ಟದ ಹುಲ್ಲಿನಲ್ಲಿಯೇ ಇವೆ ಎಂದು ಮೇಷ್ಟರು ಹೇಳಿದ್ದರೆ ಆ ಪದ್ಯ ಇನ್ನಷ್ಟು ನೆನಪಿನಲ್ಲಿ ಉಳಿಯುತ್ತಿತ್ತೇನೋ.

ಮರಳುಗಾಡಿನ ರೆಕ್ಕೆ

ಈ ಹಕ್ಕಿಯ ಶಾಸ್ತ್ರೀಯ ಹೆಸರು ಎರೆಮೋಪ್ಟೆರಿಕ್ಸ್ ಗ್ರೀಸಿಯಸ್. ಗ್ರೀಕ್ ಭಾಷೆಯಲ್ಲಿ ‘ಎರೆಮೋಸ್’ ಎಂದರೆ ಮರುಭೂಮಿ, ನಿರ್ಜನ ಪ್ರದೇಶ. ‘ಪ್ಟೆರಿಕ್ಸ್’ ಎಂದರೆ ರೆಕ್ಕೆ. ಗ್ರೀಸಿಯಸ್ ಎಂಬುದು ಲ್ಯಾಟಿನ್, ಬೂದುಬಣ್ಣದ್ದು ಎಂದರ್ಥ. ಈ ಕುಲದಲ್ಲಿ ಒಟ್ಟು ಎಂಟು ಜಾತಿಯ ಹಕ್ಕಿಗಳಿವೆ. ಹೆಚ್ಚಿನವು ಆಫ್ರಿಕದವು. ಒಂದು ಮಡಗಾಸ್ಕರ್ ದ್ವೀಪದಲ್ಲಿದೆ. ಇನ್ನೊಂದು ಸಹಾರಾದ ಅಂಚಿನಿಂದ ಅರೇಬಿಯದ ಮೂಲಕ ನಮ್ಮ ರಾಜಸ್ಥಾನ, ಕಚ್ಛ್‌ಗಳವರೆಗೆ ಹಬ್ಬಿದೆ. ಅದರ ನೆತ್ತಿ ಕಪ್ಪು, ಹಣೆ ಬಿಳುಪು. ಬೂದು ನೆತ್ತಿಯದು ಮಾತ್ರ ಭಾರತ ಉಪಖಂಡದ ಸ್ವಂತ ಆಸ್ತಿ. ಸಿಂಧೂ ಬಯಲಿನಿಂದ ಗಂಗೆಯ ಮುಖಜ ಭೂಮಿಯವರೆಗೆ, ಹಿಮಾಲಯದ ತಪ್ಪಲಿನಿಂದ ಶ್ರೀಲಂಕೆಯವರೆಗೆ ಅದರ ಸಂಸಾರ.

ಇದಕ್ಕೆ ಹೆಸರು ಬಂದ ಕಥೆಯೂ ಸ್ವಾರಸ್ಯವಾದದ್ದು. ಪಿಯರ್ ಸೊನ್ನೆರಾ ಎಂಬ ಫ್ರೆಂಚ್ ನಿಸರ್ಗ ವಿಜ್ಞಾನಿ ಪಾಂಡಿಚೇರಿಯ ಕಡೆ ಓಡಾಡಿ, ತಾನು ಕಂಡದ್ದನ್ನೆಲ್ಲ 1782ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ನಮ್ಮ ಕಡೆ ಹೈದರಾಲಿ ತೀರಿಕೊಂಡ ವರ್ಷ ಅದು. ಆ ಪುಸ್ತಕದಲ್ಲಿ ತಮಿಳುನಾಡಿನ ಜಿಂಜಿಯ ಪುಟ್ಟ ಲಾರ್ಕ್ ಒಂದರ ವರ್ಣನೆಯಿತ್ತು. ಭಾರತಕ್ಕೆ ಕಾಲಿಡದೆ ಇಟಲಿಯ ಪಾವಿಯದಲ್ಲಿ ಪಾಠ ಹೇಳಿಕೊಂಡಿದ್ದ ಸ್ಕೊಪೋಲಿ ಎಂಬ ವಿದ್ವಾಂಸ ಆ ವರ್ಣನೆಯನ್ನೇ ಓದಿಕೊಂಡು 1786ರಲ್ಲಿ ಲ್ಯಾಟಿನ್ ಹೆಸರು ಕೊಟ್ಟ. ಹಕ್ಕಿಯನ್ನು ನೋಡದೆಯೇ ನಾಮಕರಣ! ‘ಮರಳುಗಾಡಿನ ರೆಕ್ಕೆ’ ಎಂಬ ಕುಲನಾಮ ಬಂದದ್ದು ಆಮೇಲೆ, 1836ರಲ್ಲಿ, ಕಾವ್ಪ್ ಎಂಬ ಜರ್ಮನ್ ವಿಜ್ಞಾನಿಯಿಂದ.

ಬೆಂಗಳೂರೇನು ಮರಳುಗಾಡೇ ಎಂದು ನೀವು ಕೇಳಬಹುದು. ಸಮುದ್ರ ಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿರುವ, ಎರಡು ಮಳೆಗಾಲ ಕಾಣುವ ಊರು ಮರಳುಗಾಡು ಹೇಗಾದೀತು? ಆದರೆ ಹಕ್ಕಿ ಮಳೆಮಾಪನದ ಅಂಕಿ ಓದುವುದಿಲ್ಲ, ಕಾಲಡಿಯ ನೆಲ ನೋಡುತ್ತದೆ. ಯಲಹಂಕದಿಂದ ಉತ್ತರಕ್ಕೂ ಪಶ್ಚಿಮಕ್ಕೂ ಹೋದಂತೆ ಕೆಮ್ಮಣ್ಣಿನ ಪದರ ತೆಳುವಾಗುತ್ತದೆ. ಅದರಡಿ ಗರಸು, ಅದರಡಿ ಬಂಡೆ. ಬಿದ್ದ ಮಳೆ ನಿಲ್ಲದೆ ಕೆರೆಗೆ ಹರಿದುಹೋಗುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಇಲ್ಲಿ ಹುಲ್ಲು ಒಣಗಿ, ರಾಗಿ ಕೊಯ್ದ ಕೂಳೆ ಮಾತ್ರ ಉಳಿದು, ದನಕುರಿಗಳ ಗೊರಸಿಗೆ ನೆಲ ನುಣ್ಣಗೆ ಬೋಳಾಗುತ್ತದೆ. ಮರವಿಲ್ಲದ, ದೂರದವರೆಗೆ ಕಣ್ಣು ಹಾಯುವ, ಬೀಜ ಉದುರಿದ ಇಂಥ ಬಿಸಿನೆಲವೇ ನೆಲಗುಬ್ಬಿಗೆ ಬೇಕು. ದಟ್ಟ ಕಾಡಿಗೆ ಅದು ಹೋಗುವುದಿಲ್ಲ, ಮಲೆನಾಡಿನ ಸುರಿಮಳೆ ಅದಕ್ಕೆ ಒಗ್ಗದು. ಬಯಲುಸೀಮೆಯಲ್ಲೂ ಮಳೆ ಜಡಿದು ಹುಲ್ಲು ಎತ್ತರಕ್ಕೆ ಬೆಳೆದರೆ ಒಣನೆಲ ಹುಡುಕಿಕೊಂಡು ಅಕ್ಕಪಕ್ಕಕ್ಕೆ ಸರಿಯುತ್ತದೆ.

ಗಂಡು ಸುಲಭ, ಹೆಣ್ಣು ಕಷ್ಟ

ಗಂಡು ನೆಲಗುಬ್ಬಿಯನ್ನು ಒಮ್ಮೆ ಸರಿಯಾಗಿ ನೋಡಿದವರು ಮರೆಯುವ ಹಾಗೇ ಇಲ್ಲ. ಬೆನ್ನು, ರೆಕ್ಕೆ ಒಣಮಣ್ಣಿನ ಬಣ್ಣ. ನೆತ್ತಿ ಬೂದಿ ಬಳಿದಂತೆ. ಕೆನ್ನೆ ಮಾಸಲು ಬಿಳುಪು. ಆ ಬಿಳುಪಿನ ಮೇಲೆ ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕೊಕ್ಕಿನಿಂದ ಹಿಂದಕ್ಕೆ ಎಳೆದ ಕಪ್ಪು ಪಟ್ಟಿ. ಗದ್ದ, ಕೊರಳು, ಎದೆ, ಹೊಟ್ಟೆ ಎಲ್ಲವೂ ಕಡುಕಪ್ಪು. ಎದೆಯ ಕಪ್ಪು ಕುತ್ತಿಗೆಯ ಪಕ್ಕಕ್ಕೂ ಚಾಚಿ, ಕೆನ್ನೆಯ ಬಿಳುಪಿಗೆ ಅಂಚು ಕಟ್ಟಿದಂತೆ ಕಾಣುತ್ತದೆ. ಕೊಕ್ಕು ಮೋಟು, ದಪ್ಪ. ಕಾಳು ಒಡೆಯಲು ಹೇಳಿಮಾಡಿಸಿದ್ದು.

ಇಲ್ಲೊಂದು ಸೋಜಿಗವಿದೆ. ಬಯಲಿನಲ್ಲಿ ಬಾಳುವ ಪ್ರಾಣಿಗಳನ್ನು ಗಮನಿಸಿ. ಜಿಂಕೆಯಾಗಲಿ ಮೊಲವಾಗಲಿ ಬೆನ್ನು ಗಾಢ, ಹೊಟ್ಟೆ ತಿಳಿ. ಮೇಲಿನಿಂದ ಬೀಳುವ ಬಿಸಿಲು ಬೆನ್ನನ್ನು ಬೆಳಗಿ ಹೊಟ್ಟೆಗೆ ನೆರಳು ಮಾಡುವುದರಿಂದ, ಈ ಬಣ್ಣಗಳ ಹಂಚಿಕೆ ಮೈಯ ಉಬ್ಬುತಗ್ಗನ್ನು ಅಳಿಸಿ ಪ್ರಾಣಿಯನ್ನು ಹಿನ್ನೆಲೆಯಲ್ಲಿ ಕರಗಿಸುತ್ತದೆ. ಗಂಡು ನೆಲಗುಬ್ಬಿಯದು ಇದಕ್ಕೆ ತೀರ ವಿರುದ್ಧ: ಬೆನ್ನು ತಿಳಿ, ಹೊಟ್ಟೆ ಮಸಿ. ಇದರ ಲಾಭ ಅದು ಎಲ್ಲಿದೆ ಎನ್ನುವುದರ ಮೇಲೆ ನಿಂತಿರಬೇಕು. ನೆಲಕ್ಕೆ ಒತ್ತಿ ಕುಳಿತಾಗ ಕಪ್ಪೆಲ್ಲ ಅಡಿಗೆ ಸೇರಿ, ಮೇಲಿನಿಂದ ಬರುವ ಗಿಡುಗನಿಗೆ ಒಂದು ಹೆಂಟೆ ಮಣ್ಣು ಮಾತ್ರ ಕಾಣುತ್ತದೆ. ಆಕಾಶಕ್ಕೆ ಏರಿದಾಗ ಬೆಳಗಿನ ಬಾನಿನೆದುರು ಆ ಕಪ್ಪು ಹೊಟ್ಟೆ ಎದ್ದು ಕಂಡು, ಕೆಳಗಿರುವ ಹೆಣ್ಣಿಗೂ ಎದುರಾಳಿ ಗಂಡಿಗೂ ಒಡೆಯ ಇಲ್ಲಿದ್ದೇನೆ ಎಂದು ಸಾರುತ್ತದೆ. ಒಂದೇ ಅಂಗಿಯ ಎರಡು ಮಗ್ಗುಲಿಗೆ ಎರಡು ಕೆಲಸ.

ತೊಡಕಿರುವುದು ಹೆಣ್ಣಿನ ವಿಷಯದಲ್ಲಿ. ಅದಕ್ಕೆ ಕಾಡಿಗೆಯಿಲ್ಲ, ಕರಿಹೊಟ್ಟೆಯಿಲ್ಲ. ಮೈಯೆಲ್ಲ ಮಣ್ಣುಕಂದು, ಅಲ್ಲಲ್ಲಿ ಮಾಸಲು ಗೀರು. ದೂರದಿಂದ ನೋಡಿದರೆ ಮನೆಯಂಗಳದ ಹೆಣ್ಣು ಗುಬ್ಬಿಯೇ. ಬಹಳ ಮಂದಿ ‘ಗುಬ್ಬಿ’ ಎಂದು ಬರೆದುಕೊಂಡು ಮುಂದೆ ಹೋಗುವುದು ಇಲ್ಲಿಯೇ. ಆದ್ದರಿಂದ ಬಣ್ಣವನ್ನು ಬದಿಗಿಟ್ಟು ಕಾಲನ್ನು ನೋಡಿ. ಗುಬ್ಬಿ ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತದೆ. ನೆಲಗುಬ್ಬಿ ಒಂದರ ಮುಂದೊಂದು ಕಾಲಿಟ್ಟು ನಡೆಯುತ್ತದೆ; ಅದೂ ಗಿಡ್ಡ ಕಾಲುಗಳನ್ನು ಮಡಚಿಕೊಂಡು, ಅಂಕುಡೊಂಕಾಗಿ, ಇಲಿ ಸರಿದಾಡಿದಂತೆ. ಗುಬ್ಬಿಗೆ ಬೇಲಿ, ತಂತಿ, ಸೂರು ಬೇಕು. ನೆಲಗುಬ್ಬಿ ಮರದ ಮೇಲೆ ಕೂರುವುದು ಬಲು ಅಪರೂಪ. ಹೆಚ್ಚೆಂದರೆ ಒಂದು ಕಲ್ಲು, ಒಂದು ಹೆಂಟೆ. ಇನ್ನು ಹತ್ತಿರ ಹೋದಾಗ ಗುಬ್ಬಿ ದೂರದಲ್ಲೇ ಹಾರಿಹೋಗುತ್ತದೆ. ನೆಲಗುಬ್ಬಿ ಹಾರುವುದಿಲ್ಲ, ಕುಸಿದು ಕೂರುತ್ತದೆ. ನಿಮ್ಮ ಕಾಲು ಅದರ ಮೇಲೆ ಬಿತ್ತೇನೋ ಎನ್ನುವವರೆಗೂ ಅಲುಗಾಡದೆ ಇದ್ದು, ತಟ್ಟನೆ ಎದ್ದು, ಸ್ವಲ್ಪ ದೂರ ಹೋಗಿ ಮತ್ತೆ ಮಣ್ಣಾಗಿಬಿಡುತ್ತದೆ. ಮರಿ ಮಾಡುವ ಕಾಲದಲ್ಲಿ ಹೆಣ್ಣಿನ ಆಸುಪಾಸಿನಲ್ಲಿ ಕರಿಹೊಟ್ಟೆಯ ಗಂಡು ಇದ್ದೇ ಇರುತ್ತದೆ. ಅದಕ್ಕಿಂತ ದೊಡ್ಡ ಪುರಾವೆ ಬೇಡ.

ಸೋದರರ ಗದ್ದಲ

ಗುಬ್ಬಿಯಿಂದ ಬೇರ್ಪಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹೆಸರಘಟ್ಟದ ಬಯಲಿನಲ್ಲಿ ಒಂದೇ ಕುಟುಂಬದ, ಒಂದೇ ಮಣ್ಣುಬಣ್ಣದ ಇತರ ಹಕ್ಕಿಗಳೂ ಇವೆ. ಇವುಗಳನ್ನು ಬಣ್ಣದಿಂದ ಹಿಡಿಯುವುದಕ್ಕಿಂತ ಹಾಡುವ ರೀತಿಯಿಂದ ಹಿಡಿಯುವುದು ಸುಲಭ.

ಬೇಲಿಕಂಬದ ಮೇಲೋ ಒಣಗಿದ ಪೊದೆಯ ತುದಿಯಲ್ಲೋ ತಂತಿಯ ಮೇಲೋ ಕುಳಿತು, ಲೋಹದ ತಂತಿ ಮಿಡಿದಂತೆ ಒಣ ದನಿಯಲ್ಲಿ ಗಿರಗಿರನೆ ಹಾಡುವುದು ಜೆರ್ಡನ್ಸ್ ಬುಷ್‌ಲಾರ್ಕ್. ದಪ್ಪ ಕೊಕ್ಕು, ಮೋಟು ಬಾಲ, ಎದೆಯ ಮೇಲೆ ಢಾಳಾದ ಚುಕ್ಕೆ. ಟಿ. ಸಿ. ಜೆರ್ಡನ್ ಎಂಬ ಸೇನಾ ವೈದ್ಯನ ಹೆಸರು ಅದಕ್ಕಿದೆ. ಭಾರತದ ಹಕ್ಕಿಗಳ ಬಗ್ಗೆ 1862ರಿಂದ 1864ರ ನಡುವೆ ದೊಡ್ಡ ಗ್ರಂಥ ಹೊರತಂದ ಮಹಾನುಭಾವ. ಅದರ ಹತ್ತಿರದ ನೆಂಟ ಇಂಡಿಯನ್ ಬುಷ್‌ಲಾರ್ಕ್. ಇದು ಗಾಳಿಗೆ ಏರಿ, ರೆಕ್ಕೆಗಳನ್ನು ಮೇಲಕ್ಕೆ ಎತ್ತಿ ಹಿಡಿದು, ಕೊಡೆ ಬಿಚ್ಚಿದಂತೆ ಹಾಡುತ್ತಾ ಇಳಿಯುತ್ತದೆ. ರೆಕ್ಕೆ ಬಿಚ್ಚಿದಾಗ ಕೆಂಗಂದು ಮಿಂಚುತ್ತದೆ. ತಲೆಯ ಮೇಲೆ ಚೂಪಾದ ಜುಟ್ಟು ಕಂಡರೆ ಅದು ಮಲಬಾರ್ ಲಾರ್ಕ್. ಬಾಲ ಇಟ್ಟಿಗೆ ಕೆಂಪಾಗಿದ್ದು ತುದಿಯಲ್ಲಿ ಕರಿಪಟ್ಟಿಯಿದ್ದರೆ ಕೆಂಬಾಲದ ಲಾರ್ಕ್. ಶೆಲ್ಲಿಯ ಹಕ್ಕಿಗೆ ನಿಜವಾದ ದಾಯಾದಿ ಓರಿಯಂಟಲ್ ಸ್ಕೈಲಾರ್ಕ್. ಕಣ್ಣಿಗೆ ಚುಕ್ಕೆಯಾಗುವಷ್ಟು ಎತ್ತರದಲ್ಲಿ ರೆಕ್ಕೆ ಬಡಿಯುತ್ತಾ ನಿಂತು, ಉಸಿರು ತೆಗೆದುಕೊಳ್ಳದೆ ಹಾಡುತ್ತಲೇ ಇರುತ್ತದೆ. ಇವುಗಳ ನಡುವೆ ಸಪೂರ ಮೈಯ, ಉದ್ದ ಕಾಲಿನ, ಓಡಿ ನಿಂತು ಬಾಲ ಅಲ್ಲಾಡಿಸುವ ಗದ್ದೆಯ ಪಿಪಿಟ್ ಬೇರೆ. ಅದು ಲಾರ್ಕ್ ಅಲ್ಲವೇ ಅಲ್ಲ, ಸಿಪಿಲೆಯ ಬಳಗ.

ಇಷ್ಟೊಂದು ಹೆಸರು ಕೇಳಿ ತಲೆ ತಿರುಗಿದರೆ ಗಾಬರಿ ಬೇಡ. ಇಷ್ಟರಲ್ಲಿ ಹೊಟ್ಟೆ ಕಪ್ಪಿರುವುದು ನೆಲಗುಬ್ಬಿಯ ಗಂಡಿಗೆ ಮಾತ್ರ.

ಮೆಟ್ಟಿಲಿಳಿದು ಬರುವ ಹಾಡು

ಇನ್ನು ಆ ಹಾರಾಟ. ಗಂಡು ನೆಲದಿಂದ ಎದ್ದು, ರೆಕ್ಕೆಗಳನ್ನು ನಡುಗಿಸುತ್ತಾ ಹೆಚ್ಚುಕಡಿಮೆ ನೆಟ್ಟಗೆ ಏರುತ್ತದೆ. ತುದಿ ತಲುಪಿದಾಗ ರೆಕ್ಕೆ ಮಡಚಿ ತಲೆಕೆಳಗಾಗಿ ಧುಮುಕುತ್ತದೆ. ಧುಮುಕುವಾಗ ಎಳೆದು ಬಿಟ್ಟ ಒಂದೇ ಸಿಳ್ಳೆ, ‘ವ್ಹೀ...’ ಎನ್ನುವ ಹಾಗೆ. ಕೆಲವು ಮೀಟರ್ ಬಿದ್ದ ಮೇಲೆ ಆ ವೇಗವನ್ನೇ ಬಳಸಿ ಗಕ್ಕನೆ ಮುಖ ಮೇಲೆ ಮಾಡುತ್ತದೆ, ನಾಲ್ಕು ಬಾರಿ ರೆಕ್ಕೆ ಬಡಿದು ಕಳೆದುಕೊಂಡ ಎತ್ತರದಲ್ಲಿ ಸ್ವಲ್ಪ ಮರಳಿ ಪಡೆಯುತ್ತದೆ, ಮತ್ತೆ ಧುಮುಕುತ್ತದೆ, ಮತ್ತೆ ಸಿಳ್ಳೆ. ಹೀಗೆ ಕಾಣದ ಮೆಟ್ಟಿಲುಗಳ ಮೇಲೆ ಜಾರುತ್ತಾ ನೆಲದಿಂದ ಒಂದು ಗಜ ದೂರ ಬಂದಾಗ ಸಮತಟ್ಟಾಗಿ, ಒಂದು ಕಲ್ಲಿನ ಮೇಲೆ ಏನೂ ಆಗಿಲ್ಲವೆಂಬಂತೆ ಕೂರುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲ ಮೊದಲಿನಿಂದ.

ಮರವಿದ್ದ ಕಡೆ ಹಕ್ಕಿ ತುದಿಗೊಂಬೆಯ ಮೇಲೆ ಕುಳಿತು ಹಾಡಿದರೆ ಸಾಕು, ದನಿ ದೂರಕ್ಕೆ ಹೋಗುತ್ತದೆ. ಮರವೇ ಇಲ್ಲದ ಕಡೆ ಆ ಎತ್ತರವನ್ನು ಹಕ್ಕಿ ತನ್ನ ರೆಕ್ಕೆಯಿಂದಲೇ ಸಂಪಾದಿಸಬೇಕು. ಪ್ರಪಂಚದ ಬಯಲು ಹಕ್ಕಿಗಳಲ್ಲಿ ಅನೇಕವು ಹಾರುತ್ತಾ ಹಾಡುವುದು ಇದಕ್ಕೇ. ಕಚ್ಛ್‌ನಿಂದ ಸಹಾರಾವರೆಗಿನ ಮರಳಿನಲ್ಲಿ ಬಾಗಿದ ಉದ್ದ ಕೊಕ್ಕಿನ ಹೂಪೊ-ಲಾರ್ಕ್ ಎಂಬುದೊಂದಿದೆ. ಅದು ಕೂಡ ಕೊಳಲಿನಂಥ ದನಿಯಲ್ಲಿ ಹಾಡುತ್ತಾ ನೆಟ್ಟಗೆ ಏರಿ, ಮೇಲೆ ಪಲ್ಟಿ ಹೊಡೆದು, ಕೆಳಗಿಳಿಯುತ್ತದೆ. ಮರಳುಗಾಡಿನ ಹಾಡುಹಕ್ಕಿ ಎಂದರೆ ಪ್ರವಾಸಿಗರು ದುಬೈ, ಜೈಸಲ್ಮೇರ್‌ಗಳಲ್ಲಿ ಹುಡುಕುವುದು ಅದನ್ನು. ಅದೇ ಮನೆತನದ, ಅದೇ ವಿದ್ಯೆಯ ಹಕ್ಕಿ ನಮಗೆ ಬಸ್ಸಿನ ಹಾದಿಯಲ್ಲಿದೆ.

ಬೇಸಿಗೆಯ ನಡುಹಗಲಲ್ಲಿ ಹಾಡು ನಿಲ್ಲುತ್ತದೆ. ಆಗ ನೆಲಗುಬ್ಬಿಗಳು ಹೆಂಟೆಯ, ಕಲ್ಲಿನ, ಬೇಲಿಕಂಬದ ಗೇಣುದ್ದದ ನೆರಳಿನಲ್ಲಿ ಕೊಕ್ಕು ತೆರೆದು ಏದುಸಿರು ಬಿಡುತ್ತಾ ನಿಂತಿರುತ್ತವೆ. ಅರೇಬಿಯದ ಮರಳುಗಾಡಿನಲ್ಲಿ ಕೆಲವು ಲಾರ್ಕ್‌ಗಳು ಮುಳ್ಳುಬಾಲದ ದೊಡ್ಡ ಹಲ್ಲಿಗಳ ಬಿಲದೊಳಗೆ ಹೊಕ್ಕು ಮಧ್ಯಾಹ್ನ ಕಳೆಯುವುದನ್ನು ವಿಜ್ಞಾನಿಗಳು 1990ರ ದಶಕದಲ್ಲಿ ದಾಖಲಿಸಿದರು. ನಮ್ಮ ಹಕ್ಕಿಗೆ ಅಷ್ಟು ಕಷ್ಟ ಬಂದಿಲ್ಲ. ನೋಡಲು ಹೋಗುವವರು ಮಾತ್ರ ಬೆಳಿಗ್ಗೆ ಒಂಬತ್ತರೊಳಗೆ ಹೋಗಿಬಂದರೆ ಒಳ್ಳೆಯದು, ಬಿಸಿಲು ಬೆನ್ನ ಹಿಂದಿರಲಿ. ಕಾಲ ಯಾವುದಾದರೂ ಸರಿ. ಫೆಬ್ರವರಿಯಿಂದ ಮುಂಗಾರಿನವರೆಗೆ ಗಂಡುಗಳ ಹಾರಾಟ ಹೆಚ್ಚು. ಮರಿ ಮಾಡುವ ಕಾಲ ಮುಗಿದ ಮೇಲೆ ಸಣ್ಣಪುಟ್ಟ ಗುಂಪುಗಳಾಗಿ ಕೊಯ್ಲಾದ ಹೊಲಗಳಲ್ಲಿ ಕಾಳು ಆಯುತ್ತಿರುತ್ತವೆ.

ಬೊಗಸೆಯಷ್ಟು ತಗ್ಗು

ನೆಲಗುಬ್ಬಿಯ ಗೂಡೆಂದರೆ ನೆಲದಲ್ಲಿ ಒಂದು ತಗ್ಗು. ದನದ ಗೊರಸಿನ ಗುರುತಾದರೂ ಆದೀತು. ಒಂದು ಹುಲ್ಲುಗಂಟಿಯ ಇಲ್ಲವೇ ಹೆಂಟೆಯ ಮಗ್ಗುಲಲ್ಲಿ, ಒಳಗೆ ನಾರು, ಹುಲ್ಲು, ಕೂದಲು ಹಾಸಿ, ಸುತ್ತ ಕೆಲವೊಮ್ಮೆ ಬೆಣಚುಕಲ್ಲಿನ ಚೂರುಗಳನ್ನೋ ಮಣ್ಣಿನ ಉಂಡೆಗಳನ್ನೋ ಜೋಡಿಸಿ ಇಡುತ್ತದೆ. ಎರಡು ಅಥವಾ ಮೂರು ಮೊಟ್ಟೆ, ಮಾಸಲು ಬಣ್ಣದ ಮೇಲೆ ಕಂದು ಚುಕ್ಕೆ. ಕಾವು ಕೊಡುವುದರಲ್ಲಿ, ಮರಿ ಸಾಕುವುದರಲ್ಲಿ ಗಂಡಿನದೂ ಪಾಲಿದೆ. ಹದಿಮೂರು ಹದಿನಾಲ್ಕು ದಿನಕ್ಕೆ ಮರಿ ಹೊರಬರುತ್ತದೆ. ದೊಡ್ಡವು ಬೀಜ ತಿಂದರೂ ಮರಿಗಳಿಗೆ ಹುಳುಹುಪ್ಪಟೆ ಬೇಕು.

ಇಷ್ಟು ತೆರೆದ ಗೂಡನ್ನು ನಾಯಿ, ಮುಂಗುಸಿ, ಕಾಗೆಗಳಿಂದ ಕಾಪಾಡುವುದು ಗೋಡೆಯಲ್ಲ, ಬಣ್ಣ. ಆ ಬಣ್ಣ ಕಾರಿನ ಚಕ್ರಕ್ಕೆ ಏನೂ ಮಾಡಲಾರದು. ರಜಾದಿನದಲ್ಲಿ ಹುಲ್ಲಿನ ಮೇಲೆ ಜೀಪು, ಬೈಕು ಓಡಿಸುವ ಹುಚ್ಚು ಇತ್ತೀಚೆಗೆ ಹೆಚ್ಚಿದೆ. ಕ್ಯಾಮೆರಾ ಹಿಡಿದವರಲ್ಲೂ ಕೆಲವರು, ಹತ್ತಿರದ ಚಿತ್ರಕ್ಕಾಗಿ ವಾಹನವನ್ನು ಹಕ್ಕಿಯ ಮಗ್ಗುಲಿಗೇ ನುಗ್ಗಿಸುತ್ತಾರೆ. ಮೊಬೈಲಿನಲ್ಲಿ ಕೂಗು ಹಾಕಿ ಗಂಡನ್ನು ಕರೆಯುವವರೂ ಇದ್ದಾರೆ. ಎದುರಾಳಿ ಬಂದನೆಂದು ಹಕ್ಕಿ ಕೆಲಸ ಬಿಟ್ಟು ಅಲೆದಾಡುತ್ತದೆ. ಹಕ್ಕಿಯನ್ನು ಪ್ರೀತಿಸುವವರೇ ಹೀಗೆ ಮಾಡುವುದು ಅರ್ಥವಾಗದ ಮಾತು. ನಡೆದುಹೋಗುವ ಬಂಡಿದಾರಿಯಲ್ಲೇ ನಿಂತು ಒಂದು ಸಾಧಾರಣ ದುರ್ಬೀನು ಹಿಡಿದರೆ ಈ ಲೇಖನದಲ್ಲಿ ಹೇಳಿದ್ದೆಲ್ಲ ಕಾಣುತ್ತದೆ.

ಗೋಮಾಳವೋ, ಬಂಜರೋ?

ಹೆಸರಘಟ್ಟದ ಬಯಲು ಉಳಿದದ್ದು ಒಂದು ರೀತಿಯಲ್ಲಿ ಆಕಸ್ಮಿಕ. 1890ರ ದಶಕದಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಅರ್ಕಾವತಿಯ ಇಲ್ಲಿನ ಕೆರೆಯಿಂದ ಬೆಂಗಳೂರಿಗೆ ಕೊಳಾಯಿ ನೀರು ತರಲಾಯಿತು. ಮುಂದೆ ಸುತ್ತಲ ಜಮೀನು ಪಶುಸಂಗೋಪನೆಯ ಕೈಗೆ ಬಂದು ದನದ ತಳಿ ಕೇಂದ್ರ, ಕೋಳಿ ಸಾಕಣೆ ಕೇಂದ್ರಗಳು ಎದ್ದವು. 1960ರ ದಶಕದಲ್ಲಿ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಂತು, 1990ರಲ್ಲಿ ನೃತ್ಯಗ್ರಾಮ. ಇವೆಲ್ಲ ಬಂದರೂ ನಡುವಿನ ದೊಡ್ಡ ಹುಲ್ಲುಗಾವಲಿಗೆ ಯಾರೂ ಮನೆ ಕಟ್ಟಲಿಲ್ಲ. ದನ ಮೇಯುವ ಜಾಗವೆಂಬ ಕಾರಣಕ್ಕೆ ಹಕ್ಕಿಗಳೂ ಬದುಕಿಕೊಂಡವು. ಚಳಿಗಾಲದಲ್ಲಿ ದೂರದ ಉತ್ತರದಿಂದ ಬರುವ ಸೆಳೆವ ಗಿಡುಗಗಳು ಇಲ್ಲಿ ಹುಲ್ಲಿನ ಮೇಲೆ ತೇಲುವುದನ್ನು ನೋಡಲೆಂದೇ ಜನ ಬರುತ್ತಾರೆ.

ಬೆಂಗಳೂರಿನಲ್ಲಿ ಹಕ್ಕಿ ನೋಡುವವರ ಪರಂಪರೆ ಸಣ್ಣದಲ್ಲ. ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಯನ್ನು ಸಲೀಂ ಅಲಿ 1939-40ರಲ್ಲಿ ನಡೆಸಿದರು. 1972ರಲ್ಲಿ ಡಾ. ಜೋಸೆಫ್ ಜಾರ್ಜ್ ಅವರ ಮುಂದಾಳುತನದಲ್ಲಿ ಇಲ್ಲಿ ಪಕ್ಷಿವೀಕ್ಷಕರ ಕ್ಲಬ್ ಹುಟ್ಟಿತು. ಆ ಕ್ಲಬ್ 1994ರಲ್ಲಿ ಬೆಂಗಳೂರಿನ ಹಕ್ಕಿಗಳ ಟಿಪ್ಪಣಿಸಹಿತ ಪಟ್ಟಿಯನ್ನು ಪ್ರಕಟಿಸಿತು. ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳು ಹಕ್ಕಿ ನೋಡುವ ಚಟವನ್ನು ಕನ್ನಡದ ಮನೆಮನೆಗೆ ಹಚ್ಚಿದವು. ಇಂಥ ಪಟ್ಟಿಗಳ ಬೆಲೆ ತಿಳಿಯುವುದು ಜಾಗಕ್ಕೆ ಸಂಚಕಾರ ಬಂದಾಗ.

ಸರ್ಕಾರಿ ಕಾಗದದಲ್ಲಿ ಹುಲ್ಲು ಬಯಲಿಗೆ ಒಳ್ಳೆಯ ಹೆಸರಿಲ್ಲ. ಹಳ್ಳಿಯವರ ಬಾಯಲ್ಲಿ ಗೋಮಾಳ, ಕಾವಲು, ಬೀಳು ಎಂದು ಒಂದೊಂದಕ್ಕೂ ಒಂದು ಅರ್ಥ, ಒಂದು ಉಪಯೋಗ ಇತ್ತು. ಕಂದಾಯ ಕಟ್ಟದ ನೆಲವೆಲ್ಲ ವ್ಯರ್ಥ ಎಂಬ ಬ್ರಿಟಿಷರ ಲೆಕ್ಕ ಬಂದ ಮೇಲೆ ಅದೆಲ್ಲ ಖರಾಬು, ಬಂಜರು ಆಯಿತು. ದೇಶದ ಬಂಜರು ಭೂಮಿಯ ಭೂಪಟವನ್ನು ಕೇಂದ್ರ ಸರ್ಕಾರ 2000ದಲ್ಲಿ ಹೊರತಂದಾಗಲೂ ಕುರುಚಲು, ಹುಲ್ಲುನೆಲಗಳು ಅದರಲ್ಲೇ ಸೇರಿದವು. ಬಂಜರೆಂದ ಮೇಲೆ ಉದ್ಧಾರ ಮಾಡಲೇಬೇಕಲ್ಲ! ಒಂದೋ ನೀಲಗಿರಿ, ಅಕೇಶಿಯ ನೆಟ್ಟು ‘ಹಸಿರು’ ಮಾಡುವುದು, ಇಲ್ಲವೇ ಕಟ್ಟಡ ಕಟ್ಟುವುದು. ಮರ ನೆಟ್ಟರೆ ಹಕ್ಕಿಗೆ ಒಳ್ಳೆಯದು ಎಂಬುದು ಸಾಮಾನ್ಯರ ನಂಬಿಕೆ. ನೆಲಗುಬ್ಬಿಯ ಮಟ್ಟಿಗೆ ನೀಲಗಿರಿ ತೋಪೂ ಒಂದೇ, ಸಿಮೆಂಟ್ ಹಾಸೂ ಒಂದೇ. ಎರಡರಲ್ಲೂ ಅದಕ್ಕೆ ಜಾಗವಿಲ್ಲ.

2020ರಲ್ಲಿ ಹೆಸರಘಟ್ಟದಲ್ಲಿ ಚಿತ್ರನಗರಿ ಕಟ್ಟುವ ಮಾತು ಎದ್ದಿತು. ಪಕ್ಷಿಪ್ರಿಯರು, ಪರಿಸರದವರು ವಿರೋಧಿಸಿದರು. ಐದು ಸಾವಿರ ಎಕರೆಗೂ ಮೇಲ್ಪಟ್ಟ ಪ್ರದೇಶವನ್ನು ವನ್ಯಜೀವಿ ಕಾನೂನಿನಡಿ ಸಂರಕ್ಷಣಾ ಮೀಸಲು ಎಂದು ಘೋಷಿಸಬೇಕೆಂಬ ಪ್ರಸ್ತಾವ ರಾಜ್ಯ ವನ್ಯಜೀವಿ ಮಂಡಳಿಯ ಮುಂದೆ ಬಂದಾಗ 2021ರ ಜನವರಿಯಲ್ಲಿ ಮಂಡಳಿ ಒಪ್ಪಲಿಲ್ಲ. ಸುತ್ತಲ ಹಳ್ಳಿಗಳವರಿಗೆ ದನ ಮೇಯಿಸಲು ತಡೆಯಾದೀತು, ಹೊಲಮನೆಗಳಿಗೆ ನಿರ್ಬಂಧ ಬಂದೀತು ಎಂಬ ಆತಂಕವಿತ್ತು. ಆ ಆತಂಕವನ್ನು ತಳ್ಳಿಹಾಕುವಂತಿಲ್ಲ; ಮೇಯುವ ದನವಿಲ್ಲದೆ ಈ ಹುಲ್ಲೂ ಇಂಥದಾಗಿ ಉಳಿಯುವುದಿಲ್ಲ, ಪೊದೆ ಕಟ್ಟಿಕೊಳ್ಳುತ್ತದೆ. ವಿಷಯ ಹೈಕೋರ್ಟಿಗೆ ಹೋಯಿತು. ಕೊನೆಗೆ 2024ರ ಅಕ್ಟೋಬರ್‌ನಲ್ಲಿ ಮಂಡಳಿ ಮೀಸಲಿಗೆ ಒಪ್ಪಿಗೆ ಕೊಟ್ಟಿತು. ಸಂರಕ್ಷಣಾ ಮೀಸಲು ಎಂಬ ವರ್ಗವನ್ನು 2002ರ ತಿದ್ದುಪಡಿ ಕಾನೂನಿಗೆ ಸೇರಿಸಿತು. ಅದು ಸರ್ಕಾರಿ ಜಮೀನಿಗೆ ಸಂಬಂಧಿಸಿದ್ದು. ಅಭಯಾರಣ್ಯದಷ್ಟು ಬಿಗಿಯಲ್ಲ, ಸ್ಥಳೀಯರನ್ನು ಸೇರಿಸಿಕೊಂಡ ಸಮಿತಿ ಅದರ ನಿರ್ವಹಣೆಗೆ ಸಲಹೆ ಕೊಡಬೇಕು.

ಇಂಥ ಚರ್ಚೆಯಲ್ಲಿ ಮೊದಲು ಕೇಳುವ ಪ್ರಶ್ನೆ, ‘ಅಲ್ಲಿ ಏನಿದೆ?’ ಎಂಬುದು. ಮಣ್ಣುಬಣ್ಣದ ಹಕ್ಕಿಗಳನ್ನೆಲ್ಲ ಗುಬ್ಬಿ ಎಂದು ಬರೆದ ಪಟ್ಟಿಯನ್ನು ಅಧಿಕಾರಿಯ ಮುಂದಿಟ್ಟರೆ ಆತ, ಗುಬ್ಬಿ ಎಲ್ಲ ಕಡೆ ಇದೆಯಲ್ಲ ಎನ್ನುತ್ತಾನೆ. ಐದು ಬಗೆಯ ಲಾರ್ಕ್‌ಗಳನ್ನು ಬೇರೆಬೇರೆ ಗುರುತಿಸಿ, ದಿನಾಂಕ, ಜಾಗ, ಸಂಖ್ಯೆ ಬರೆದ ಪಟ್ಟಿಗೆ ಹಾಗೆ ಉತ್ತರಿಸುವುದು ಕಷ್ಟ. ನೆಲಗುಬ್ಬಿ ಅಳಿವಿನಂಚಿನ ಹಕ್ಕಿಯಲ್ಲ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ ಆತಂಕವಿಲ್ಲವೆಂದೇ ಇದೆ. ಆದರೆ ದೇಶದ ಸಾವಿರಾರು ವೀಕ್ಷಕರ ಟಿಪ್ಪಣಿಗಳಿಂದ 2020 ಮತ್ತು 2023ರಲ್ಲಿ ತಯಾರಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಗಳು, ತೆರೆದ ಬಯಲು ಮತ್ತು ಹುಲ್ಲುಗಾವಲನ್ನೇ ನಂಬಿದ ಹಕ್ಕಿಗಳು ಕಡಿಮೆಯಾಗುತ್ತಿರುವುದನ್ನು ಒತ್ತಿ ಹೇಳಿವೆ. ಆ ಟಿಪ್ಪಣಿಗಳನ್ನು ಬರೆದವರಲ್ಲಿ ಶಾಲಾ ಮಕ್ಕಳು, ನಿವೃತ್ತ ನೌಕರರು, ಸಾಫ್ಟ್‌ವೇರ್ ಉದ್ಯೋಗಿಗಳು ಎಲ್ಲ ಇದ್ದಾರೆ.

ಮೀಸಲಿನ ಗೆರೆಯಾಚೆಗೂ ನೆಲಗುಬ್ಬಿ ಇದೆ. ಹಿಂದೆ ಹೆಬ್ಬಾಳ, ಯಲಹಂಕಗಳ ಸುತ್ತ ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳು ಬಡಾವಣೆಗಳಾದವು, ದೇವನಹಳ್ಳಿಯ ಬಳಿಯ ಬಯಲಿನಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಬಂತು. ಹಕ್ಕಿ ಸರಿಯುತ್ತಾ ಹೋಯಿತು, ಪೂರ್ತಿ ಬಿಟ್ಟುಹೋಗಲಿಲ್ಲ. ಇದರಲ್ಲೊಂದು ವಿಚಿತ್ರವಿದೆ. ಬಡಾವಣೆಗೆಂದು ಹೊಲವನ್ನು ಸಮ ಮಾಡಿ, ಜಲ್ಲಿ ರಸ್ತೆ ಹಾಕಿ, ನಿವೇಶನಗಳಿಗೆ ಗಡಿಕಲ್ಲು ನೆಟ್ಟು, ಮನೆಗಳು ಏಳುವ ಮುನ್ನ ಒಂದೆರಡು ವರ್ಷ ಹಾಗೇ ಬಿಟ್ಟಿರುತ್ತಾರಲ್ಲ, ಆ ಬೋಳು ನೆಲ ನೆಲಗುಬ್ಬಿಗೆ ಬಲು ಇಷ್ಟ. ಭಾನುವಾರ ಸೈಟ್ ನೋಡಲು ರಾಜಾನುಕುಂಟೆಯ ಕಡೆಗೋ ಬಾಗಲೂರಿನ ಕಡೆಗೋ ಹೋದಾಗ, ದಲ್ಲಾಳಿ ದಿಕ್ಕು, ಅಳತೆ, ಚದರಡಿಯ ದರ ವಿವರಿಸುತ್ತಿರುವ ಹೊತ್ತಿಗೆ, ನಂಬರು ಬರೆದ ಗಡಿಕಲ್ಲುಗಳನ್ನು ಒಮ್ಮೆ ನೋಡಿ. ಕಪ್ಪು ಹೊಟ್ಟೆಯ ಗಂಡು ಯಾವುದಾದರೂ ಒಂದರ ಮೇಲೆ ಕುಳಿತಿದ್ದೀತು.